ಮೂರನೇ ಕ್ರಾಸಿನ ಹುರುಳಿಕಾಯಿ

ಗುರುವಾರ ಬೆಳಿಗ್ಗೆ ಬಸವಪ್ರಸಾದ್ ಕಾರಿನ ಡಿಕ್ಕಿಯಿಂದ ಒಂದು ಗೋಣಿಚೀಲ ಇಳಿಸಿದಾಗ, ಅಣ್ಣ ತೆಂಗಿನಕಾಯಿ ಕಳಿಸಿರಬೇಕೆಂದು ಪುಟ್ಟಬಸಮ್ಮ ಒಳಗಿನಿಂದ ಮಂಕರಿ ತಂದಳು. ಚೀಲ ಬಗ್ಗಿಸಿದರೆ ಉದುರಿದ್ದು ಬಿಳಿ ಕ್ಯಾನ್ವಾಸ್ ಷೂ. ಒಂದಲ್ಲ, ಆರು ಜೊತೆ.

“ಏನ್ಲಾ ಪ್ರಸಾದ, ಯಾವ ದೇವಸ್ಥಾನದ ಬಾಗ್ಲಲ್ಲಿ ಎತ್ಕಂಡು ಬಂದೆ?”

“ಅಂಗಡೀದು ಅತ್ತೆ, ಬಿಲ್ ಅದೆ. ಒಂದು ಜೊತೆ ನಿಂಗೆ. ಭಾನುವಾರದಿಂದ ನೀನು ವಾಕಿಂಗ್ ಮಾಡ್ಬೇಕು.”

“ಎಲ್ಲಿಗೆ?”

“ಎಲ್ಲಿಗೂ ಅಲ್ಲ. ಸುಮ್ನೆ ನಡೀಬೇಕು. ಹೋಗಬೇಕು, ವಾಪಸ್ ಬರಬೇಕು.”

“ಏನ್ ತರಕ್ಕೆ?”

“ಏನೂ ತರಂಗಿಲ್ಲ.”

ತನ್ನ ಐವತ್ತೆಂಟು ವರ್ಷದಲ್ಲಿ ಪುಟ್ಟಬಸಮ್ಮ ಏನಾದರೂ ತರುವುದಕ್ಕಲ್ಲದೆ ಎಲ್ಲಿಗೂ ನಡೆದವಳಲ್ಲ. ಹುಡುಗನಿಗೆ ಪಿತ್ತ ಏರಿರಬೇಕೆಂದು ನಿಂಬೆಹಣ್ಣಿನ ಪಾನಕ ಮಾಡಲು ಒಳಗೆ ಹೋದಳು.

ಬಸವಪ್ರಸಾದ್ ಅವಳ ಅಣ್ಣನ ಮಗ. ಚಾಮರಾಜನಗರದಲ್ಲಿ ಕಚೇರಿ ಇಟ್ಟುಕೊಂಡು ಸೈಟು ವ್ಯಾಪಾರ ಮಾಡುತ್ತಿದ್ದ. ಪುಟ್ಟಬಸಮ್ಮನಿಗೂ ಅವಳ ಗಂಡ ಗಂಗಾಧರಸ್ವಾಮಿಗೂ ಭೀಮನಬೀಡಿನಿಂದ ತುಸು ಆಚೆ, ಗುಂಡ್ಲುಪೇಟೆಯ ದೊಡ್ಡ ರಸ್ತೆಗೆ ತಾಗಿಕೊಂಡಂತೆ ಎರಡೂವರೆ ಎಕರೆ ಒಣ ಹೊಲ ಇತ್ತು. ಎರಡು ವರ್ಷದ ಹಿಂದೆ ಪ್ರಸಾದ ಬಂದು, ಹೊಲವನ್ನು ಲೇಔಟ್ ಮಾಡೋಣ, ಇನ್ನೈದು ವರ್ಷಕ್ಕೆ ಗುಂಡ್ಲುಪೇಟೆ ಬೆಳೆದು ಬೆಳೆದು ಇಲ್ಲಿಗೇ ಬಂದುಬಿಡುತ್ತದೆ ಎಂದಿದ್ದ. ಗಂಗಾಧರಸ್ವಾಮಿ ಮೂರು ದಿನ ಹೊಲದ ಬದುವಿನ ಮೇಲೆ ಕೂತು ಪೇಟೆಯ ದಿಕ್ಕನ್ನೇ ನೋಡಿದ. ಏನೂ ಬರುವಂತೆ ಕಾಣಲಿಲ್ಲ. ಆದರೂ ಒಪ್ಪಿದ.

ಮೊದಲು ಕಮಾನು ಎದ್ದಿತು. ಅದರ ಮೇಲೆ ‘ಬಿಲ್ವ ಎನ್‌ಕ್ಲೇವ್’ ಎಂದು ಚಿನ್ನದ ಬಣ್ಣದಲ್ಲಿ ಬರೆಸಿದರು. ಊರಿನ ಬಾಯಲ್ಲಿ ಅದು ವಾರದೊಳಗೆ ‘ಎಂಕ್ಲವ್ವ’ ಆಯಿತು. ಸಂತೆಗೆ ಹೋಗುವ ಮುದುಕಿಯರು, ಯಾವುದೋ ಹೊಸ ಅಮ್ಮನ ಗುಡಿಯ ಬಾಗಿಲಿರಬೇಕೆಂದು ಕಮಾನಿಗೆ ಕೈಮುಗಿದು ಹೋಗತೊಡಗಿದರು. ಆಮೇಲೆ ಬಿಳಿ ಕಲ್ಲು ನೆಟ್ಟು ನಾಲ್ಕು ಕ್ರಾಸ್ ಮಾಡಿದರು. ಪಾರ್ಕ್ ಎಂದು ಒಂದು ಸಿಮೆಂಟ್ ಬೆಂಚು ಹಾಕಿದರು. ಈಜುಕೊಳವೆಂದು ಗುಂಡಿ ತೋಡಿದರು. ಅದರಲ್ಲಿ ಮಳೆನೀರು ನಿಂತಿತು, ಪುಟ್ಟಬಸಮ್ಮನ ಎಮ್ಮೆ ಸಣ್ಣಿ ಮಧ್ಯಾಹ್ನವೆಲ್ಲ ಕೊಂಬು ಮಾತ್ರ ಮೇಲಿಟ್ಟುಕೊಂಡು ಅಲ್ಲೇ ಮಲಗತೊಡಗಿತು. ಬೋರ್‌ವೆಲ್ ಕೊರೆಸಿದಾಗ ಯಾರೂ ಎಣಿಸದಷ್ಟು ನೀರು ಬಂತು. ಸೈಟು ಮಾತ್ರ ಒಂದೂ ಹೋಗಲಿಲ್ಲ. ಅಷ್ಟು ನೀರು ಸುಮ್ಮನೆ ಇರುವುದನ್ನು ನೋಡಲಾರದೆ ಪುಟ್ಟಬಸಮ್ಮ ಮೂರನೇ ಕ್ರಾಸಿಗೆ ಹುರುಳಿಕಾಯಿ ಬಿತ್ತಿದಳು, ನಾಲ್ಕನೇ ಕ್ರಾಸಿಗೆ ಟೊಮೆಟೊ ನೆಟ್ಟಳು. ಹಸಿರು ಕಂಡರೆ ಗಿರಾಕಿಗೆ ಒಳ್ಳೆಯದೆಂದು ಪ್ರಸಾದನೂ ಸುಮ್ಮನಿದ್ದ.

“ಬಂದೋರೆಲ್ಲ ಒಂದೇ ಮಾತು ಕೇಳ್ತಾರೆ ಅತ್ತೆ,” ಎಂದ ಪ್ರಸಾದ, ಪಾನಕ ಕುಡಿಯುತ್ತ. “ಇಲ್ಲಿ ಯಾರಾದ್ರೂ ಇದ್ದಾರಾ ಅಂತ. ಜನ ಇಲ್ದೆ ಇರೋ ಕಡೆ ಯಾರೂ ಸೈಟ್ ತಗಳಲ್ಲ. ಸೈಟ್ ತಗಳದೆ ಇದ್ರೆ ಜನ ಬರಲ್ಲ. ಅದಕ್ಕೇ ಮೊದ್ಲು ನಾವೇ ಜನ ಆಗ್ಬೇಕು.”

“ಈಗ ನಾವು ಏನಾಗಿದ್ದೀವ್ಲಾ?”

“ಅಂಗಲ್ಲ ಅತ್ತೆ. ಪೇಟೆ ಜನ.”

ಭಾನುವಾರ ಒಂದು ವ್ಯಾನ್ ತುಂಬ ಗಿರಾಕಿಗಳು ಬರುವವರಿದ್ದರು. ಅವರ ಕಣ್ಣಿಗೆ ಬಿಲ್ವ ಎನ್‌ಕ್ಲೇವ್ ತುಂಬಿ ತುಳುಕುವ ಬಡಾವಣೆಯಂತೆ ಕಾಣಬೇಕು. ಪ್ರಸಾದ ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಹಂಚಿದ. ಪುಟ್ಟಬಸಮ್ಮ ಮತ್ತು ಪಕ್ಕದ ಮನೆಯ ಮಂಗಳಗೌರಿ ಬೆಳಗಿನ ವಾಕಿಂಗಿನ ಗೆಳತಿಯರು. ಗಂಗಾಧರಸ್ವಾಮಿ ಸೆಕ್ಯುರಿಟಿ, ಅವನಿಗೆ ನೀಲಿ ಟೋಪಿ, ಒಂದು ಸೀಟಿ. ಊರಿನ ಹಿರಿಯ ಚಿಕ್ಕಮಾದಯ್ಯ ಪಾರ್ಕಿನ ಬೆಂಚಿನ ಮೇಲೆ ಪೇಪರ್ ಓದುವ ರಿಟೈರ್ಡ್ ಆಫೀಸರ್. ಅವನಿಗೆ ಕಪ್ಪು ಚೌಕಟ್ಟಿನ ಕನ್ನಡಕ. ಉಳಿದ ಷೂಗಳಿಗೆ ಹೊಂದುವ ಕಾಲು ಊರಿನಲ್ಲಿ ಸಿಗಲಿಲ್ಲ.

ಶುಕ್ರವಾರ ಅಭ್ಯಾಸ ಶುರುವಾಯಿತು. ದಿನಕ್ಕೆರಡು ಸಲ ಹುಲ್ಲಿನ ಹೊರೆ ಹೊತ್ತು ಮೈಲಿಗಟ್ಟಲೆ ನಡೆಯುವ ಪುಟ್ಟಬಸಮ್ಮನಿಗೆ ಖಾಲಿ ತಲೆಯಲ್ಲಿ ನಡೆಯಲು ಬರಲಿಲ್ಲ. ಹತ್ತು ಹೆಜ್ಜೆಗೆ ಎಡಕ್ಕೆ ವಾಲಿದಳು. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಮ್ಮೆ ಸೊಂಟದ ಮೇಲಿಟ್ಟಳು, ಒಮ್ಮೆ ಹಿಂದೆ ಕಟ್ಟಿದಳು, ಕೊನೆಗೆ ಮಂಗಳಗೌರಿಯ ಕೈ ಹಿಡಿದುಕೊಂಡಳು. ದಾರಿಯಲ್ಲಿ ಕಳೆ ಕಂಡರೆ ಬಗ್ಗಿ ಕಿತ್ತಳು. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಇಬ್ಬರ ಮಡಿಲಲ್ಲೂ ಎಮ್ಮೆಗೆ ಆಗುವಷ್ಟು ಹುಲ್ಲಿತ್ತು.

“ಬಗ್ಗಬೇಡಿ! ಪೇಟೆಯವರು ಬಗ್ಗಲ್ಲ!” ಎಂದು ಪ್ರಸಾದ ಕೂಗಿದ.

“ಅವರ ಸೊಂಟಕ್ಕೆ ಏನಾಗದೆ?” ಎಂದು ಮಂಗಳಗೌರಿ ಕನಿಕರದಿಂದ ಕೇಳಿದಳು.

ಯಾರಾದರೂ ಮಾತಾಡಿಸಿದರೆ ಹೆಚ್ಚು ಬೆಳೆಸದೆ, ‘ವೆರಿ ಪೀಸ್‌ಫುಲ್’ ಎಂದು ಹೇಳಿ ಮುಂದೆ ಹೋಗಬೇಕೆಂದು ಪ್ರಸಾದ ಕಲಿಸಿದ. ಇಬ್ಬರೂ ಅದನ್ನು ಹಾಲು ಕರೆಯುವಾಗಲೂ ಪಾತ್ರೆ ತಿಕ್ಕುವಾಗಲೂ ಉರುಹೊಡೆದರು. ಗಂಗಾಧರಸ್ವಾಮಿಗೆ ಮಾತ್ರ ಅಭ್ಯಾಸವೇ ಬೇಕಾಗಲಿಲ್ಲ. ಮೂವತ್ತೇಳು ವರ್ಷದ ಸಂಸಾರದಲ್ಲಿ ಅವನು ಇಷ್ಟು ದೊಡ್ಡ ದನಿ ಮಾಡಿದ್ದನ್ನು ಪುಟ್ಟಬಸಮ್ಮ ಕೇಳಿರಲಿಲ್ಲ. ಕಾಗೆ ಕೂತರೆ ಸೀಟಿ, ನಾಯಿ ಬಂದರೆ ಸೀಟಿ, ಅನ್ನಕ್ಕೆ ಸಾರು ಬೇಕೆಂದರೂ ಸೀಟಿ.

ಭಾನುವಾರ ಆರು ಗಂಟೆಗೇ ಎಲ್ಲರೂ ಷೂ ಹಾಕಿಕೊಂಡು ಸಿದ್ಧರಾದರು. ವ್ಯಾನ್ ಎಂಟಾದರೂ ಬರಲಿಲ್ಲ. ಪೇಟೆಯವರಂತೆ ನಡೆದೂ ನಡೆದೂ ಎಲ್ಲರಿಗೂ ಹಸಿವಾಯಿತು. ಪುಟ್ಟಬಸಮ್ಮ ಮನೆಯಿಂದ ಸ್ಟೌ, ಬಾಣಲೆ, ಕಡ್ಲೆಹಿಟ್ಟು ತರಿಸಿ, ಕಮಾನಿನ ಪಕ್ಕದ ಸೋಗೆ ಚಪ್ಪರದಡಿ ಆಲೂಗಡ್ಡೆ ಬೋಂಡ ಬಿಡತೊಡಗಿದಳು.

“ಅತ್ತೆ! ಬಡಾವಣೆ ಬಾಗ್ಲಲ್ಲಿ ಬೋಂಡನಾ?” ಎಂದು ಪ್ರಸಾದ ತಲೆಮೇಲೆ ಕೈಹೊತ್ತ. ಅಷ್ಟರಲ್ಲಿ ವ್ಯಾನ್ ಬಂದೇಬಿಟ್ಟಿತು. ಬಾಣಲೆ ಇಳಿಸಲು ಸಮಯವಿರಲಿಲ್ಲ. ಗಿರಾಕಿಗಳಿಗೆ ಹಂಚಿದ್ದ ಬಣ್ಣದ ಕಾಗದದಲ್ಲಿ ಕ್ಲಬ್ ಹೌಸ್ ಅಂತ ಅಚ್ಚಾಗಿದ್ದುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಇಳಿದವರಿಗೆಲ್ಲ ಚಪ್ಪರ ತೋರಿಸಿ, “ಇದು ನಮ್ಮ ಕ್ಲಬ್ ಹೌಸ್,” ಎಂದ. ಗಂಗಾಧರಸ್ವಾಮಿ ಸೆಲ್ಯೂಟ್ ಹೊಡೆದು ಸೀಟಿ ಊದಿದ ರಭಸಕ್ಕೆ ಈಜುಕೊಳದಿಂದ ಸಣ್ಣಿ ಎದ್ದು ನಿಂತಿತು.

“ಅಯ್ಯೋ, ಪೂಲಲ್ಲಿ ಎಮ್ಮೆ!” ಎಂದರು ಒಬ್ಬರು.

“ಅದು ಮೆಂಬರ್ ಅಲ್ಲ ಸಾರ್, ಗೆಸ್ಟು,” ಎಂದ ಪ್ರಸಾದ. ಅವನ ಕಿವಿ ಕೆಂಪಾಗಿತ್ತು.

ಬಂದವರಲ್ಲಿ ಮೈಸೂರಿನ ಒಬ್ಬ ರಿಟೈರ್ಡ್ ಟೀಚರಮ್ಮ ಇದ್ದರು. ಮಕ್ಕಳ ಕೈಯಲ್ಲಿ ಇಂಪೊಸಿಷನ್ ಬರೆಸಿ ಬರೆಸಿ ಅವರ ಕಣ್ಣು ಚೂಪಾಗಿತ್ತು. ಅವರು ನೇರವಾಗಿ ವಾಕಿಂಗಿನ ಗೆಳತಿಯರನ್ನು ಅಡ್ಡಗಟ್ಟಿದರು.

“ನೀವು ಇಲ್ಲೇ ಇರೋದಾ?”

“ವೆರಿ ಪೀಸ್‌ಫುಲ್,” ಎಂದಳು ಪುಟ್ಟಬಸಮ್ಮ.

“ಬಂದು ಎಷ್ಟು ವರ್ಷ ಆಯ್ತು?”

“ವೆರಿ ಪೀಸ್‌ಫುಲ್,” ಎಂದಳು ಮಂಗಳಗೌರಿ.

“ಮನೆ ಯಾವ ಕಡೆ?”

ಇದಕ್ಕೆ ಅದೇ ಉತ್ತರ ಹೊಂದುವುದಿಲ್ಲವೆಂದು ಪುಟ್ಟಬಸಮ್ಮನಿಗೂ ತಿಳಿಯಿತು. ಮಂಗಳಗೌರಿಯ ಕಡೆ ನೋಡಿದಳು. ಮಂಗಳಗೌರಿ ಆಕಾಶದ ಕಡೆ ನೋಡುತ್ತಿದ್ದಳು.

“ಮೂರ್ನೇ ಕ್ರಾಸು,” ಎಂದುಬಿಟ್ಟಳು.

ಟೀಚರಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದು ಮೂರನೇ ಕ್ರಾಸನ್ನು ನೋಡಿದರು. “ಅಲ್ಲಿ ಮನೆಯೇ ಕಾಣಲ್ಲವಲ್ಲ.”

“ಹುರುಳಿಕಾಯಿ ಗಿಡ ಎತ್ರಕೆ ಬಂದ್ಬುಟ್ಟವೆ ಕಣಮ್ಮ. ಅದ್ಕೇ ಕಾಣಕಿಲ್ಲ.”

ಗಿಡಗಳು ಮೊಣಕಾಲೆತ್ತರ ಇದ್ದವು. ಟೀಚರಮ್ಮ ಗಿಡಗಳನ್ನೊಮ್ಮೆ, ಪುಟ್ಟಬಸಮ್ಮನ ಹೊಸ ಷೂಗಳನ್ನೊಮ್ಮೆ ನೋಡಿದರು.

ಅತ್ತ ಬೆಂಚಿನ ಮೇಲೆ ಚಿಕ್ಕಮಾದಯ್ಯನ ಪಕ್ಕ ಕೇರಳದ ಸುಲ್ತಾನ್ ಬತ್ತೇರಿಯ ಒಬ್ಬ ತರಕಾರಿ ವ್ಯಾಪಾರಿ ಬಂದು ಕೂತಿದ್ದ. ಅವನು ಊರೂರು ಸುತ್ತಿ ಮೂರು ಭಾಷೆ ಬೆರೆಸಿ ಮಾತಾಡುತ್ತಿದ್ದ.

“ಸಾರ್ ಯಾವ ಡಿಪಾರ್ಟ್‌ಮೆಂಟ್?”

“ನೀರು,” ಎಂದ ಚಿಕ್ಕಮಾದಯ್ಯ ಗಂಭೀರವಾಗಿ. ನಲವತ್ತು ವರ್ಷ ಊರ ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುತ್ತಿದ್ದವನು ಅವನೇ. ಸುಳ್ಳೇನೂ ಇರಲಿಲ್ಲ.

“ಇಲ್ಲಿ ವಾಟರ್ ಪ್ರಾಬ್ಲಂ ಉಂಟೋ?”

“ನನ್ ಕೇಳ್ದೆ ಒಂದ್ ಹನಿನೂ ಅಲ್ಲಾಡ್ತಿರ್ನಿಲ್ಲ.”

ವ್ಯಾಪಾರಿ ಎದ್ದು ನಿಂತು ನಮಸ್ಕಾರ ಮಾಡಿದ. ಆಮೇಲೆ ಹಾಗೇ ಅಡ್ಡಾಡುತ್ತ ಮೂರನೇ ಕ್ರಾಸಿಗೆ ಹೋಗಿ, ಒಂದು ಹುರುಳಿಕಾಯಿ ಕಿತ್ತು ಲಟಕ್ಕನೆ ಮುರಿದ. ಎಳಸು ಕಾಯಿ; ನಾರೇ ಇರಲಿಲ್ಲ.

“ಇದು ಕಿಲೋ ಎತ್ರ?” ಎಂದು ಗಾಳಿಯನ್ನೇ ಕೇಳಿದ.

ಐವತ್ತು ಮಾರು ದೂರದಲ್ಲಿದ್ದ ಪುಟ್ಟಬಸಮ್ಮನ ಕಿವಿಗೆ, ಎಷ್ಟು ಎನ್ನುವ ಆ ಮಲಯಾಳದ ‘ಎತ್ರ’ ಬಿತ್ತು. ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿ ಕೇರಳದ ಲಾರಿಯವರ ಜೊತೆ ಇಪ್ಪತ್ತು ವರ್ಷ ಚೌಕಾಸಿ ಮಾಡಿದವಳು. ವಾಕಿಂಗ್, ಪೀಸ್‌ಫುಲ್, ಸೋದರಳಿಯ ಎಲ್ಲ ಮರೆತುಹೋಯಿತು. ಷೂ ಕಳಚಿ ಎರಡೂ ಕೈಯಲ್ಲಿ ಹಿಡಿದುಕೊಂಡು ಸೈಟಿನ ಕಲ್ಲುಗಳನ್ನು ದಾಟುತ್ತ ಓಡಿದಳು.

“ಚೇಟ್ಟಾ, ಗಿಡ ತುಳೀಬ್ಯಾಡಿ! ನಾಲ್ಪದ್ ರೂಪಾಯಿ!”

“ಮುಪ್ಪದ್!” ಎಂದು ವ್ಯಾಪಾರಿ ನಲವತ್ತನ್ನು ಮೂವತ್ತಕ್ಕೆ ಇಳಿಸಿದ.

“ಮುಪ್ಪದ್‌ಗೆ ಹುಳ ಬಿದ್ದಿರೋ ಕಾಯಿ ಸಿಗ್ತದೆ, ಗುಂಡ್ಲುಪೇಟೆಗೆ ಓಗಿ!”

ಐದು ನಿಮಿಷದಲ್ಲಿ ವ್ಯಾನಿನ ಅರ್ಧ ಜನ ಮೂರನೇ ಕ್ರಾಸಿನಲ್ಲಿದ್ದರು. ಇನ್ನರ್ಧ ನಾಲ್ಕನೇ ಕ್ರಾಸಿನಲ್ಲಿ ಟೊಮೆಟೊ ಆರಿಸುತ್ತಿದ್ದರು. ತಕ್ಕಡಿ ಇಲ್ಲದ್ದರಿಂದ ಮಂಗಳಗೌರಿ ತನ್ನ ಒಂದು ಷೂ ತುಂಬ ಅಳೆದು, ಇಷ್ಟು ಕಾಲು ಕಿಲೋ ಎಂದು ತೀರ್ಮಾನ ಕೊಟ್ಟಳು. ಪ್ರಸಾದ ನಕ್ಷೆ ಹಿಡಿದುಕೊಂಡು, “ಸಾರ್, ಈ ಸೈಟು ಈಸ್ಟ್ ಫೇಸಿಂಗು... ಮೇಡಂ, ದಯವಿಟ್ಟು ಸೈಟ್ ನೋಡಿ,” ಎಂದು ಸಾಲುಸಾಲಿನ ಮಧ್ಯೆ ಓಡಾಡಿದ. ಒಬ್ಬರು ಆ ನಕ್ಷೆಯನ್ನೇ ಇಸಿದುಕೊಂಡು ಟೊಮೆಟೊ ಕಟ್ಟಿಕೊಂಡರು.

ಟೀಚರಮ್ಮ ಪುಟ್ಟಬಸಮ್ಮನ ಪಕ್ಕ ಬಂದು ನಿಂತರು. “ನೀವು ವಾಕಿಂಗ್ ಮಾಡೋರಲ್ವಾ?”

ಪುಟ್ಟಬಸಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. “ತಪ್ಪಾಯ್ತು ಕಣವ್ವ. ಷೂ ನಮ್ ಪ್ರಸಾದಂದು. ನಮ್ ಮನೆ ಅಕೋ, ಆ ಹುಣಸೇಮರದ ಹಿಂದೆ. ಆ ಸೆಕ್ಯೂರ್ಟಿ ನಮ್ಮೆಜಮಾನ್ರು. ಹುರುಳಿಕಾಯಿ ಮಾತ್ರ ದಿಟವಾಗ್ಲೂ ನಂದೇ.”

ಟೀಚರಮ್ಮ ನಗಲು ಶುರುಮಾಡಿದವರು ಸೈಟಿನ ಕಲ್ಲಿನ ಮೇಲೆ ಕೂರಬೇಕಾಯಿತು. ನಗು ನಿಂತ ಮೇಲೆ ಎರಡು ಕಿಲೋ ಹುರುಳಿಕಾಯಿ, ಆರು ಬೋಂಡ ತೆಗೆದುಕೊಂಡು ವ್ಯಾನ್ ಹತ್ತಿದರು. ಸೈಟು ಯಾರೂ ತೆಗೆದುಕೊಳ್ಳಲಿಲ್ಲ.

ವ್ಯಾನ್ ಹೋದ ಮೇಲೆ ಪ್ರಸಾದ ಈಜುಕೊಳದ ದಂಡೆಯ ಮೇಲೆ, ಸಣ್ಣಿಯ ಎದುರು, ಮುಖ ಸಣ್ಣದು ಮಾಡಿಕೊಂಡು ಕೂತ. ಚಿಕ್ಕಂದಿನಲ್ಲೂ ಅವನು ಗೋಲಿಯಾಟದಲ್ಲಿ ಸೋತರೆ ಹೀಗೇ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಹೋಗಿ ಕೂರುತ್ತಿದ್ದ. ಪುಟ್ಟಬಸಮ್ಮ ಉಳಿದಿದ್ದ ನಾಲ್ಕು ಬೋಂಡ ತಂದು ಅವನ ಕೈಗಿಟ್ಟಳು.

“ನಾನು ಕೆಡಿಸ್ಬುಟ್ನಾ ಮಗ?”

“ಬುಡತ್ತೆ,” ಎಂದ ಬಾಯಿ ತುಂಬಿಕೊಂಡು. “ಬೋಂಡ ಚೆನ್ನಾಗದೆ.”

ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಗಂಗಾಧರಸ್ವಾಮಿ ಟೋಪಿಯನ್ನೂ ಸೀಟಿಯನ್ನೂ ವಾಪಸ್ ಕೊಡಲಿಲ್ಲ. ಸೋಮವಾರ ಬೆಳಿಗ್ಗೆ ತಾನಾಗಿಯೇ ಕಮಾನಿನ ಕೆಳಗೆ ನಿಂತು, ರಸ್ತೆಯಲ್ಲಿ ಹೋಗುವ ಕಾರುಗಳಿಗೆಲ್ಲ ಸೀಟಿ ಊದಿದ. ನೀಲಿ ಟೋಪಿ ಕಂಡ ಕಾರಿನವರು ಪೊಲೀಸ್ ಚೆಕಿಂಗ್ ಎಂದುಕೊಂಡು ಗಕ್ಕನೆ ನಿಲ್ಲಿಸಿ, ಸೀಟ್ ಬೆಲ್ಟ್ ಎಳೆದುಕೊಂಡು, ಕಾಗದಪತ್ರ ಹಿಡಿದು ಇಳಿದರು.

“ಎಲ್ಲ ಸರಿಯಾಗದೆ ಸಾರ್, ನೋಡಿ.”

“ಸರಿಯಾಗಿದ್ರೆ ಸಂತೋಷ,” ಎಂದ ಗಂಗಾಧರಸ್ವಾಮಿ. “ಬೋಂಡ ತಿನ್ಕಂಡು ಓಗಿ.”

ದಂಡ ಕಟ್ಟುವುದು ತಪ್ಪಿದ ಸಂತೋಷದಲ್ಲಿ ಮನುಷ್ಯ ಎಷ್ಟು ಬೋಂಡ ತಿನ್ನುತ್ತಾನೆ ಎಂಬುದು ಪುಟ್ಟಬಸಮ್ಮನಿಗೆ ಆ ವಾರ ಗೊತ್ತಾಯಿತು. ಬಂದವರು ಮೂರನೇ ಕ್ರಾಸಿನ ಹುರುಳಿಕಾಯಿ, ನಾಲ್ಕನೇ ಕ್ರಾಸಿನ ಟೊಮೆಟೊವನ್ನೂ ಕಟ್ಟಿಸಿಕೊಂಡರು. ಮುಂದಿನ ಭಾನುವಾರ ಟೀಚರಮ್ಮ ಇಬ್ಬರು ಗೆಳತಿಯರನ್ನು ಕರೆದುಕೊಂಡು ಬಂದರು. ಬತ್ತೇರಿಯ ವ್ಯಾಪಾರಿ ವಾರಕ್ಕೆ ಮೂರು ದಿನ ಜೀಪು ತಂದ. ಕಾರುಗಳು ಅಡ್ಡಾದಿಡ್ಡಿ ನಿಂತು ರಸ್ತೆ ಕಟ್ಟಿಕೊಂಡಾಗ ಚಿಕ್ಕಮಾದಯ್ಯ ಬೆಂಚಿನಿಂದೆದ್ದು, ಯಾವುದು ಮೊದಲು, ಯಾವುದು ಆಮೇಲೆ ಎಂದು ಕೈ ತೋರಿಸಿದ. ಗದ್ದೆಗೆ ನೀರು ಬಿಟ್ಟ ಹಾಗೆಯೇ ಕಾರು ಬಿಟ್ಟ. ಯಾರೂ ಜಗಳ ಮಾಡಲಿಲ್ಲ. ಕಾರು ನಿಲ್ಲುವ ಕಡೆ ಒಬ್ಬ ಪಂಕ್ಚರ್ ಹಾಕುವವನು ಬಂದು ಕೂತ. ಅವನಿಗೆ ಟೀ ಬೇಕಾಯಿತು, ಟೀ ಅಂಗಡಿ ಬಂತು. ಟೀ ಕುಡಿಯುವವರ ತಲೆಗೂದಲು ಕಂಡು ಕಟಿಂಗ್ ಶಾಪಿನವನು ಕುರ್ಚಿ ತಂದು ಹಾಕಿದ. ಆರು ತಿಂಗಳಿಗೆ ಬಸ್ಸು ಕಮಾನಿನ ಮುಂದೆ ನಿಲ್ಲತೊಡಗಿತು. “ಎಂಕ್ಲವ್ವ! ಎಂಕ್ಲವ್ವ ಇಳ್ಕಳಿ!” ಎಂದು ಕಂಡಕ್ಟರ್ ಕೂಗಿದರೆ ಪುಟ್ಟಬಸಮ್ಮನಿಗೆ ಯಾರೋ ತನ್ನನ್ನೇ ಕರೆದ ಹಾಗಾಗುತ್ತಿತ್ತು.

ಈಗ ಸೈಟು ಕೇಳಿಕೊಂಡು ಜನ ತಾವಾಗಿಯೇ ಬಂದರು. ಪ್ರಸಾದನ ಮುಖ ಅರಳಿತು. ಆದರೆ ಬಂದವರೆಲ್ಲ ಕೇಳಿದ್ದು ಮೂರನೇ ಕ್ರಾಸನ್ನೇ.

“ಅದೊಂದ್ ಬುಟ್ಟು ಯಾವ್ದಾರ ಮಾರ್ಕೋ,” ಎಂದಳು ಪುಟ್ಟಬಸಮ್ಮ.

“ಅತ್ತೆ, ಕಾರ್ನರ್ ಸೈಟು ಇರೋದೇ ಅಲ್ಲಿ!”

“ಹುರುಳಿಕಾಯಿಗೂ ಕಾರ್ನರ್ ಬೇಕು ಕಣ್ಲಾ. ಎರಡ್ ಕಡೆ ಬಿಸ್ಲು ಬೀಳ್ತದೆ.”

“ಊರು ಬೆಳೀಬೇಕಾದ್ರೆ ಹೊಲ ಹೋಗ್ಲೇಬೇಕು ಅತ್ತೆ. ಎಲ್ಲಾ ಕಡೆ ಅಷ್ಟೇ.”

“ಈ ಜನ ಬಂದಿದ್ದು ಯಾತಕ್ಕೆ? ನಿನ್ ಕಲ್ ನೋಡಕ್ಕಾ? ಹುರುಳಿಕಾಯಿ ಕಿತ್ತಾಕಿ ಮನೆ ಕಟ್ಟುದ್ರೆ, ಆ ಮನೆಯೋರು ಬಾಗ್ಲು ತೆಗ್ದು ಏನ್ ನೋಡಾರು? ಎದುರುಮನೆ ಬಾಗ್ಲನ್ನಾ?”

ಪ್ರಸಾದ ಬಾಯಿ ತೆರೆದ. ಗಂಗಾಧರಸ್ವಾಮಿ ಸೀಟಿ ಊದಿದ. ಚರ್ಚೆ ಮುಗಿಯಿತು.

ಹದಿನೈದು ದಿನ ಬಿಟ್ಟು ಪ್ರಸಾದ ಹೊಸ ನಕ್ಷೆ ತಂದ. ಅದರಲ್ಲಿ ಮೂರನೇ ಕ್ರಾಸಿನ ತುಂಬ ಹಸಿರು ಬಣ್ಣ ಬಳಿದು ‘ಸೆಂಟ್ರಲ್ ಗ್ರೀನ್’ ಎಂದು ಬರೆದಿತ್ತು. ಮೊದಲಿನ ಪಾರ್ಕು ಸೈಟಾಗಿ, ಬತ್ತೇರಿಯ ವ್ಯಾಪಾರಿ ಅಲ್ಲಿ ತರಕಾರಿ ಗೋಡೌನ್ ಕಟ್ಟಲು ಮುಂಗಡ ಕೊಟ್ಟ. ಸಿಮೆಂಟ್ ಬೆಂಚನ್ನು ನಾಲ್ಕು ಜನ ಹೊತ್ತು ಹುರುಳಿಕಾಯಿಯ ಬದುವಿಗೆ ತಂದಿಟ್ಟರು. ಹೊರುವಾಗಲೂ ಚಿಕ್ಕಮಾದಯ್ಯ ಅದರ ಮೇಲಿಂದ ಇಳಿಯಲಿಲ್ಲ. ಟೀಚರಮ್ಮ ಎರಡನೇ ಕ್ರಾಸಿನಲ್ಲಿ ಸೈಟು ತೆಗೆದುಕೊಂಡು ಪಾಯ ಹಾಕಿಸಿದರು. ಅಡುಗೆಮನೆಯ ಕಿಟಕಿ ಮೂರನೇ ಕ್ರಾಸಿನ ಕಡೆಗೇ ಇರಬೇಕೆಂದು ಮೇಸ್ತ್ರಿಯ ಕೈಯಲ್ಲಿ ಎರಡು ಸಲ ಬರೆಸಿದರು.

ಇದೆಲ್ಲದರ ನಡುವೆ ಪುಟ್ಟಬಸಮ್ಮ ಎಣಿಸಿಯೇ ಇರದ ಒಂದು ಸಂಗತಿ ನಡೆಯಿತು. ಒಂದು ಶುಕ್ರವಾರ ಬಂದು ನೋಡುತ್ತಾಳೆ, ಅವಳ ಚಪ್ಪರದಿಂದ ಹತ್ತೇ ಹೆಜ್ಜೆ ಆಚೆ ಇನ್ನೊಂದು ಚಪ್ಪರ ಎದ್ದಿದೆ. ಬಾಣಲೆ ಮುಂದೆ ಮಂಗಳಗೌರಿ. ‘ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ’ ಎಂದು ಬೋರ್ಡೂ ಇತ್ತು.

“ಏನಮ್ಮಿ ಇದು?” ಎಂದಳು ಪುಟ್ಟಬಸಮ್ಮ.

“ಪೇಟೆ ಅಂದಮೇಲೆ ಒಂದೇ ಅಂಗ್ಡಿ ಇದ್ದಾದಾ ಅಕ್ಕ?” ಎಂದಳು ಮಂಗಳಗೌರಿ, ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದುತ್ತ.

ಇಪ್ಪತ್ತು ವರ್ಷದ ಗೆಳೆತನ. ಒಂದೂವರೆ ತಿಂಗಳು ಮಾತಿಲ್ಲ. ಇವಳು ಬೋಂಡ ದೊಡ್ಡದು ಮಾಡಿದರೆ ಅವಳು ಬಜ್ಜಿಯ ಜೊತೆ ಈರುಳ್ಳಿ ಹೆಚ್ಚಿ ಕೊಟ್ಟಳು. ಅವಳು ಚಟ್ನಿ ಶುರುಮಾಡಿದರೆ ಇವಳು ಎರಡು ಥರದ ಚಟ್ನಿ ಇಟ್ಟಳು. ಗಂಗಾಧರಸ್ವಾಮಿ ಸೀಟಿ ಊದಿ ನಿಲ್ಲಿಸಿದ ಕಾರಿನವರು ಮಂಗಳಗೌರಿಯ ಕಡೆ ತಿರುಗಿದಾಗ ಪುಟ್ಟಬಸಮ್ಮನಿಗೆ ಗಂಡನ ಮೇಲೆ ಕೋಪ ಬಂತು. “ಮಕ ನೋಡಿ ಊದ್ರಿ!” ಎಂದು ಬೈದಳು. ಸೋಜಿಗವೆಂದರೆ ಎರಡು ಅಂಗಡಿಯಾದ ಮೇಲೆ ಜನ ಇಮ್ಮಡಿಯಾದರು. ಇಬ್ಬರಿಗೂ ಕೈ ಬಿಡುವಿಲ್ಲದಾಯಿತು. ಅದನ್ನು ಇಬ್ಬರೂ ಒಪ್ಪಿಕೊಳ್ಳಲಿಲ್ಲ.

ಒಂದು ಭಾನುವಾರ ಹತ್ತೂವರೆ ಗಂಟೆಗೆ, ಎರಡು ಟೂರಿಸ್ಟ್ ಬಸ್ಸು ಒಟ್ಟಿಗೇ ನಿಂತಿದ್ದ ಹೊತ್ತಿನಲ್ಲಿ, ಪುಟ್ಟಬಸಮ್ಮ ಡಬ್ಬಕ್ಕೆ ಕೈ ಹಾಕಿದರೆ ಕಡ್ಲೆಹಿಟ್ಟು ಖಾಲಿ. ಎದುರಿಗೆ ನಲವತ್ತು ಜನ ಎಲೆ ದೊನ್ನೆ ಹಿಡಿದು ನಿಂತಿದ್ದಾರೆ. ಗುಂಡ್ಲುಪೇಟೆಗೆ ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ. ಅವಳು ಎಣ್ಣೆಯನ್ನು ನೋಡಿದಳು, ಜನರನ್ನು ನೋಡಿದಳು. ಆಮೇಲೆ ಹತ್ತು ಹೆಜ್ಜೆ ನಡೆದಳು.

“ಎರಡ್ ಕಿಲೋ ಕಡ್ಲೆಹಿಟ್ಟು ಕೊಡಮ್ಮಿ.”

ಮಂಗಳಗೌರಿ ತಲೆಯೆತ್ತಲಿಲ್ಲ. “ಕೊಡ್ತಿನಿ. ನಿನ್ ಬೋಂಡಕ್ಕಿಂತ ನನ್ ಬಜ್ಜಿ ಚೆಂದಾಗದೆ ಅಂತ ಎಲ್ರಿಗೂ ಕೇಳಂಗೆ ಹೇಳು.”

ಚಿಕ್ಕಮಾದಯ್ಯ ಕನ್ನಡಕ ಸರಿಮಾಡಿಕೊಂಡ. ಪುಟ್ಟಬಸಮ್ಮನ ಬಾಯಿಗೆ ಆ ಮಾತು ಬರಲೇ ಇಲ್ಲ. ಮೂರು ಸಲ ಉಸಿರು ಎಳೆದುಕೊಂಡಳು. ಕೊನೆಗೆ ಎರಡೂ ಬಸ್ಸಿಗೆ ಕೇಳುವಂತೆ ಕೂಗಿದಳು:

“ಮಂಗಳಗೌರಿ ಕಡ್ಲೆಹಿಟ್ಟು ನನ್ ಕಡ್ಲೆಹಿಟ್ಟಿಗಿಂತ ಚೆಂದಾಗದೆ!”

ಮಂಗಳಗೌರಿ ಜಾಲರಿ ಸೌಟಿನಿಂದ ಒಂದೇ ಬಜ್ಜಿಯನ್ನು ಎರಡು ಸಲ ಮಗುಚಿದಳು. ಮುಖದಲ್ಲಿ ನಗು ತಡೆಯುತ್ತಿದ್ದುದು ಎಲ್ಲರಿಗೂ ಕಂಡಿತು.

“ಎರಡ್ ಕಿಲೋ ಸಾಕಾಯ್ತದಾ?” ಎಂದು ಕೇಳಿದಳು. “ಮೂರ್ ತಕ್ಕಂಡೋಗು.”